ಗಂಟೆಯೊಳಗಿನ ಹತ್ತಿ

ಕೋಟಿನ ಮೂರನೆಯ ಗುಂಡಿ ಏನು ಮಾಡಿದರೂ ಹಾಕಲು ಬರುತ್ತಿರಲಿಲ್ಲ. ಬದುಕಿದ್ದಾಗ ಯಾರ ಮಾತಿಗೂ ಎದುರಾಡದ ಮನುಷ್ಯ ಸತ್ತ ಮೇಲೆ ಒಂದು ಗುಂಡಿಗೆ ಇಷ್ಟು ಹಟ ಮಾಡುತ್ತಾನಲ್ಲ ಎಂದು ಚೀಟಿ ಮೇಡಂಗೆ ಅಳುವಿನ ಜೊತೆಗೇ ಸಣ್ಣ ಸಿಟ್ಟೂ ಬಂತು. ಯಾರ ಮಾತಿಗೂ ಎದುರಾಡದವನು ಎಂದರೆ, ಒಂದು ಸ್ಟೂಲಿನ ವಿಷಯ ಬಿಟ್ಟು.

"ಹೊಟ್ಟೆ ಸ್ವಲ್ಪ ಒಳಗೆ ಎಳ್ಕೋ ಮಾರಾಯ ಅಂತ ಹೇಳೋಕೂ ಆಗಲ್ಲ," ಎಂದ ಟಿಕೆಟ್ ಮಾಮ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ನಾಚಿಕೊಂಡು ಮೂಗು ಒರೆಸಿಕೊಂಡ.

ಆಸ್ಪತ್ರೆಯ ಹಿಂಬದಿಯ ತಣ್ಣನೆಯ ಕೋಣೆಯಲ್ಲಿ ಅವರು ಮೂವರೇ ಇದ್ದರು. ಮ್ಯೂಸಿಯಂನ ಬಾಗಿಲಲ್ಲಿ ಟಿಕೆಟ್ ಹರಿಯುವ ಟಿಕೆಟ್ ಮಾಮ, ಅಲ್ಲಿ ಕಸ ಗುಡಿಸುವ ಅಜ್ಜಿ, ಮತ್ತೆ ಅಲ್ಲಿನ ಒಂದೊಂದು ವಸ್ತುವಿನ ಪಕ್ಕದಲ್ಲೂ 'ಇದು ಏನು, ಯಾರದು, ಯಾವ ಕಾಲದ್ದು' ಎಂದು ಚೀಟಿ ಬರೆದು ಅಂಟಿಸುವ ಚೀಟಿ ಮೇಡಂ. ಮಲಗಿದ್ದವನು ಕಾವಲಣ್ಣ. ಅದೇ ಮ್ಯೂಸಿಯಂನ ನಾಲ್ಕನೇ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಇಪ್ಪತ್ತಾರು ವರ್ಷ ಕಾವಲು ಕೂತವನು. ನಿನ್ನೆ ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಅವನ ಎದೆಬಡಿತ ನಿಂತುಹೋಗಿತ್ತು. ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡು ಒಂದು ಶಾಲೆಯ ಮಕ್ಕಳೆಲ್ಲ ತುದಿಗಾಲಲ್ಲಿ ದಾಟಿಹೋಗಿದ್ದರಂತೆ.

ನಿರ್ದೇಶಕರು ಬೆಳಿಗ್ಗೆಯೇ ಹೇಳಿಕಳಿಸಿದ್ದರು: ಕೋಟು ಅವನ ಜೊತೆ ಹೋಗಲಿ, ಟೋಪಿ ಮಾತ್ರ ಉಗ್ರಾಣಕ್ಕೆ ವಾಪಸು ಬರಲಿ.

ಕೋಟಿನ ಜೇಬು ಖಾಲಿ ಮಾಡಲು ಚೀಟಿ ಮೇಡಂ ಕೈಹಾಕಿದಳು. ಬೆರಳಿಗೆ ಮೆತ್ತಗಿನದೇನೋ ತಾಗಿತು. ತೆಗೆದು ನೋಡಿದರೆ ಹತ್ತಿ. ಬಟಾಣಿ ಕಾಳಿನ ಗಾತ್ರಕ್ಕೆ ಒಪ್ಪವಾಗಿ ಉಂಡೆ ಮಾಡಿದ ಎಂಟು ತುಣುಕು.

"ಇದೇನಿದು? ಕಿವಿ ಸೋರ್ತಿತ್ತಾ ಇವನಿಗೆ?"

"ಕಿವಿಯಾ? ನಾನು ಬಾಗಿಲಲ್ಲಿ ಕೂತು ಇವನನ್ನ ಬೈದ್ರೆ ನಾಲ್ಕನೇ ಕೋಣೆಯಿಂದ ಕೆಮ್ಮುತ್ತಿದ್ದ," ಎಂದ ಟಿಕೆಟ್ ಮಾಮ. "ಹಲ್ಲುನೋವು ಇರಬೇಕು."

"ಹಲ್ಲಿಗೆ ಯಾರಾದ್ರೂ ಇಷ್ಟು ಚಂದ ಉಂಡೆ ಕಟ್ತಾರಾ?"

ಇಬ್ಬರೂ ಅಜ್ಜಿಯ ಕಡೆ ತಿರುಗಿದರು. ಕೇಳದಿದ್ದರೂ ಹತ್ತು ಮಾತು ಆಡುವ ಅಜ್ಜಿ ಈಗ ಬಾಯಿಗೆ ಬೀಗ ಹಾಕಿಕೊಂಡು ಗೋಡೆ ನೋಡುತ್ತಿದ್ದಳು. ಅದು ಹತ್ತಿಗಿಂತ ದೊಡ್ಡ ಸೋಜಿಗವಾಗಿತ್ತು.

ಟಿಕೆಟ್ ಮಾಮ ಮಡಚಿದ ಒಂದು ಕಾಗದ ತೆಗೆದ. "ಚಿತಾಗಾರದಲ್ಲಿ ನಾಲ್ಕು ಗಂಟೆಗೆ ನಮ್ಮ ಸರದಿ. ಹತ್ತಿರದ ಸಂಬಂಧಿ ಅಂತ ಒಂದು ಜಾಗ ಇದೆ ಮೇಡಂ. ಏನ್ ಬರೀಲಿ?"

"ಖಾಲಿ ಬಿಟ್ಟರೆ?"

"ಅವರೇ 'ವಾರಸುದಾರರಿಲ್ಲ' ಅಂತ ಮುದ್ರೆ ಹೊಡೀತಾರಂತೆ. ಬೂದಿ ಎಲ್ಲರ ಬೂದಿಯ ಜೊತೆಗೆ ಒಂದೇ ಹಳ್ಳಕ್ಕೆ."

ಚೀಟಿ ಮೇಡಂಗೆ ಅದು ಚುಚ್ಚಿತು. ಹಲ್ಲು ಮುರಿದ ಬಾಚಣಿಗೆಗೂ ಯಾರದೆಂದು ಹುಡುಕಿ ಹುಡುಕಿ ಚೀಟಿ ಬರೆದವಳು ಅವಳು. ಎರಡು ಕೋಣೆಯಾಚೆ ಇಷ್ಟು ವರ್ಷ ಕೂತಿದ್ದ ಮನುಷ್ಯನ ಬಗ್ಗೆ ಬರೆಯಲು ಅವಳ ಹತ್ತಿರ ಒಂದು ಸಾಲೂ ಇರಲಿಲ್ಲ.

ಇದ್ದುದು ಸ್ಟೂಲಿನ ಜಗಳ ಒಂದೇ.

*

ನಾಲ್ಕನೇ ಕೋಣೆಯಲ್ಲಿ ಹಳೆಯ ಕಾಲದ ಅಡುಗೆಮನೆಯೊಂದನ್ನು ಹೂಡಿಟ್ಟಿದ್ದರು. ಒಲೆ, ಮೇಜು, ಗೋಡೆಗೆ ಡಬ್ಬಗಳ ಕಪಾಟು, ಒಂದು ಮರದ ಸ್ಟೂಲು. 'ಒಂದು ಸಾಮಾನ್ಯ ಕುಟುಂಬದ ಅಡುಗೆಮನೆ' ಎಂದು ಚೀಟಿ ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ಮೇಜು ಒಂದು ಮನೆಯದು, ಒಲೆ ಇನ್ನೊಂದು ಮನೆಯದು, ಏಳು ಮನೆಯ ಸಾಮಾನು ಸೇರಿ ಆದ ಸಂಸಾರ ಅದು. ಚೀಟಿಯಲ್ಲಿ ಅದನ್ನೆಲ್ಲ ಬರೆಯಲು ಜಾಗವಿರಲಿಲ್ಲ. ಯಾವ ಚೀಟಿಯೂ ಇಪ್ಪತ್ತೈದು ಪದ ದಾಟಕೂಡದು ಎಂಬುದು ಮ್ಯೂಸಿಯಂನ ನಿಯಮ. ಆ ನಿಯಮ ಚೀಟಿ ಮೇಡಂನ ರಕ್ತಕ್ಕೇ ಇಳಿದಿತ್ತು. ಮನೆಯ ಪತ್ರಗಳನ್ನೂ ಅವಳು ಇಪ್ಪತ್ತೈದು ಪದಕ್ಕೆ ಮುಗಿಸುತ್ತಿದ್ದಳು.

ನಕ್ಷೆಯ ಪ್ರಕಾರ ಸ್ಟೂಲು ಮೇಜಿನ ಪಕ್ಕದಲ್ಲಿರಬೇಕು. ದಿನಾ ಸಂಜೆ ಅವಳು ಅದನ್ನು ಮೇಜಿನ ಪಕ್ಕಕ್ಕೆ ಇಡುವಳು. ದಿನಾ ಬೆಳಿಗ್ಗೆ ಅದು ಡಬ್ಬದ ಕಪಾಟಿನ ಕೆಳಗೆ ಕೂತಿರುತ್ತಿತ್ತು. ಕಾವಲಣ್ಣನನ್ನು ಕೇಳಿದರೆ "ಹೌದಾ ಮೇಡಂ?" ಎಂದು ಕನ್ನಡಕದೊಳಗಿಂದ ಮಿಕಿಮಿಕಿ ನೋಡುವನು. ಹನ್ನೊಂದು ವರ್ಷ ಹೀಗೇ ನಡೆಯಿತು. ಅವಳು ಬೈಯಲಿಲ್ಲ, ಅವನು ಬಿಡಲಿಲ್ಲ.

ಇನ್ನೊಂದು ಚಾಳಿಯಿತ್ತು ಅವನಿಗೆ. ನೋಡಲು ಬಂದವರಲ್ಲಿ ಹೆಂಗಸರನ್ನು, ಅದರಲ್ಲೂ ತನಗಿಂತ ನಾಲ್ಕೈದು ವರ್ಷ ಚಿಕ್ಕವರಂತೆ ಕಂಡವರನ್ನು ಕೇಳುವನು: "ಈ ಸ್ಟೂಲು ಇಲ್ಲಿ ಯಾಕಿದೆ, ಹೇಳಿ ನೋಡೋಣ?"

"ಕೂರೋಕೆ," ಎನ್ನುವರು. "ಕಪಾಟು ಒರೆಸೋಕೆ," ಎನ್ನುವರು. ಅವನು ತಲೆಯಾಡಿಸಿ, ಒಳ್ಳೇದಮ್ಮ ಎಂದು ಕುರ್ಚಿಗೆ ವಾಪಸಾಗುವನು. ಹೆಂಗಸರನ್ನು ಮಾತಿಗೆಳೆಯುವ ಚಪಲ ಎಂದು ನಿರ್ದೇಶಕರು ಒಮ್ಮೆ ಎಚ್ಚರಿಕೆ ಕೊಟ್ಟಿದ್ದರು. ಅವನು ಅದನ್ನೂ ಹೊಟ್ಟೆಗೆ ಹಾಕಿಕೊಂಡಿದ್ದ.

ಎರಡು ತಿಂಗಳ ಹಿಂದೆ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಅವನು ಒಂದು ವಾರ ರಜೆ ಹಾಕಿದ. ಅಷ್ಟು ವರ್ಷದಲ್ಲಿ ಅದೇ ಮೊದಲು. ಆ ವಾರ ಚೀಟಿ ಮೇಡಂ ಸ್ಟೂಲನ್ನು ಮೇಜಿನ ಪಕ್ಕಕ್ಕಿಟ್ಟು ನೆಮ್ಮದಿಯ ಉಸಿರುಬಿಟ್ಟಳು. ಕಪಾಟಿನ ಮೇಲಿನ ಹಂತದಲ್ಲಿದ್ದ ನೀಲಿ ಡಬ್ಬದ ಮುಚ್ಚಳಕ್ಕೆ ಯಾರೋ ಒಂದು ಪುಟ್ಟ ಹಿತ್ತಾಳೆ ಗಂಟೆ ಕಟ್ಟಿದ್ದನ್ನು ಮೊದಲ ಸಲ ಗಮನಿಸಿದಳು. ಪಟ್ಟಿಯಲ್ಲಿ ಅಂಥ ಗಂಟೆಯೇ ಇರಲಿಲ್ಲ. ಚೆನ್ನಾಗಿದೆ, ಇರಲಿ ಎಂದು ಬಿಟ್ಟಳು. ಒಳಗೆ ಕಸ ಸೇರಿಕೊಂಡಿತ್ತು. ಅದನ್ನು ಗುಂಡುಸೂಜಿಯಿಂದ ಕಿತ್ತು ತೆಗೆದಳು.

ಆ ಕಸ, ಬಟಾಣಿ ಗಾತ್ರದ ಹತ್ತಿ.

ತಿಂಗಳ ಕೊನೆಗೆ ವೀಕ್ಷಕರ ಅಭಿಪ್ರಾಯ ಪುಸ್ತಕ ಓದಿ ವರದಿ ಬರೆಯುವುದೂ ಅವಳದೇ ಕೆಲಸ. ನಲವತ್ತು ಜನರ ಗೀಚುಬರಹದ ನಡುವೆ ಒಂದು ಸಾಲು ಕಣ್ಣಿಗೆ ಬಿತ್ತು: 'ನಾಲ್ಕನೇ ಕೋಣೆಯಲ್ಲಿ ಸ್ಟೂಲು ತಪ್ಪು ಜಾಗದಲ್ಲಿದೆ.' ಹುಡುಕುವ ಬಳ್ಳಿ ಕಾಲಿಗೇ ತೊಡರಿದಂತಾಯಿತು. ಮುಂದೆ ಅದೇನೋ ಉದ್ದಕ್ಕೆ ಬರೆದಿತ್ತು, ಅವಳಿಗೆ ಬೇಕಾದದ್ದು ಅಷ್ಟೇ. ಅಷ್ಟನ್ನು ತಾರೀಖಿನ ಸಮೇತ ವರದಿಗೆ ಇಳಿಸಿದಳು. ನಿರ್ದೇಶಕರು ಓದಿದರು, ಬಡಗಿ ಬಂದ, ಸ್ಟೂಲನ್ನು ಮೇಜಿನ ಪಕ್ಕಕ್ಕೆ ಸ್ಕ್ರೂ ಹಾಕಿ ನೆಲಕ್ಕೆ ಬಿಗಿದ. ಅದು ಮೂರು ವಾರದ ಹಿಂದಿನ ಮಾತು.

ಕಾವಲಣ್ಣ ಜಗಳಕ್ಕೆ ಬರುತ್ತಾನೆಂದು ಅವಳು ಕಾದಳು. ಬಂದ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಮೇಡಂ, ಆ ಅಭಿಪ್ರಾಯದ ಪುಸ್ತಕ ಒಂದ್ಸಲ ನೋಡಬಹುದಾ?"

"ದೂರು ಕೊಟ್ಟವರ ಹೆಸರು ತೋರಿಸೋ ಹಾಗಿಲ್ಲ."

"ಹೆಸರು ಬೇಡ ಮೇಡಂ. ಇನ್ನೇನಾದ್ರೂ ಬರೆದಿದ್ದಾರಾ ಅಂತ."

"ನಿಯಮ ಅಂದ್ರೆ ನಿಯಮ."

ವಾರ ಬಿಟ್ಟು ಮತ್ತೆ ಬಂದ. ಮತ್ತೆ ಅದೇ ಉತ್ತರ. ಅವನು ಸಿಟ್ಟಾಗುವ ಬದಲು ನಕ್ಕ. "ಇರಲಿ ಬಿಡಿ. ಒಂದ್ಸಲ ಬಂದವರು ಮತ್ತೆ ಬಂದೇ ಬರ್ತಾರೆ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದಳು ಅವಳು ಆವತ್ತು.

*

"ಅಜ್ಜೀ," ಎಂದಳು ಚೀಟಿ ಮೇಡಂ ಅಂಗೈಯಲ್ಲಿನ ಹತ್ತಿ ತೋರಿಸಿ. "ಇದು ಆ ಗಂಟೆಯೊಳಗೆ ಇತ್ತಲ್ಲ. ನಿನಗೆ ಗೊತ್ತು. ಹೇಳು."

"ಯಾರಿಗೂ ಹೇಳಬೇಡ ಅಂದಿದ್ದ."

"ಇನ್ನು ಯಾರಿಂದ ಮುಚ್ಚಿಡ್ತೀಯಾ?"

ಅಜ್ಜಿ ಬೆಂಚಿನ ಮೇಲೆ ಕೂತಳು. ಕೂತು, ಸೆರಗಿಗೆ ಮುಖ ಒರೆಸಿ ಶುರುಮಾಡಿದಳು.

ನದಿಯ ದಂಡೆಯಲ್ಲಿ ಒಂದು ಮನೆ. ಅಪ್ಪ ದೋಣಿಗೆ ಡಾಂಬರು ಬಳಿಯುವವನು, ಅಮ್ಮ, ಒಂಬತ್ತು ವರ್ಷದ ಕಾವಲಣ್ಣ, ನಾಲ್ಕು ವರ್ಷದ ತಂಗಿ. ತಂಗಿಗೆ ಸಕ್ಕರೆಯ ಹುಚ್ಚು. ಡಬ್ಬ ಎಲ್ಲಿಟ್ಟರೂ ಹುಡುಕುವಳು. ಅದಕ್ಕೇ ಅಮ್ಮ ಅವಳನ್ನು ಇರುವೆ ಎಂದೇ ಕರೆಯುತ್ತಿದ್ದದ್ದು. ಮನೆಯಲ್ಲಿ ಆಮೇಲೆ ಬೇರೆ ಹೆಸರೇ ಉಳಿಯಲಿಲ್ಲ. ಕೊನೆಗೆ ಅಮ್ಮ ಡಬ್ಬವನ್ನು ಕಪಾಟಿನ ಮೇಲಿನ ಹಂತಕ್ಕೇರಿಸಿ, ಮುಚ್ಚಳಕ್ಕೆ ಒಂದು ಆಡಿನ ಗಂಟೆ ಕಟ್ಟಿದಳು. ಮುಚ್ಚಳ ಮುಟ್ಟಿದರೆ ಸಾಕು, ಠಣ್ ಎನ್ನಬೇಕು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜಾತಿ ಇರುವೆಯದು. ದಿಂಬಿನ ಹೊಲಿಗೆಯಿಂದ ಹತ್ತಿ ಎಳೆದು, ಉಂಡೆ ಮಾಡಿ, ಗಂಟೆಯೊಳಕ್ಕೆ ತುರುಕುವುದನ್ನು ಅವಳೇ ಕಂಡುಹಿಡಿದಳು. ಮೊದಲ ಸಲ ಹತ್ತಿ ಉದುರಿಬಿತ್ತು, ಕಿವಿ ಹಿಂಡಿಸಿಕೊಂಡರು. ಎರಡನೇ ಸಲ ಅವಳು ಹತ್ತಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ತುರುಕಿದಳು. ಒಣಗಿದ್ದು ನಿಲ್ಲಲ್ಲ ಎಂದು ಅಣ್ಣನಿಗೇ ಪಾಠ ಹೇಳಿದಳು. ಸ್ಟೂಲು ಏರಿ ಸಕ್ಕರೆ ತೆಗೆಯುವುದು ಅವಳ ಪಾಲು. ಬಾಗಿಲಲ್ಲಿ ಹೊರಗೆ ಮುಖ ಮಾಡಿ, ಅಮ್ಮ ಬರುತ್ತಾಳಾ ಎಂದು ನೋಡುತ್ತ ನಿಲ್ಲುವುದು ಅವನ ಪಾಲು.

"ಆಗಿನಿಂದ್ಲೂ ಕಾವಲೇ ನೋಡವ್ವಾ ಅವನ ಹಣೇಲಿ," ಎಂದಳು ಅಜ್ಜಿ.

ಒಂದು ದಿನ ಬೆಳಗಾಗುವ ಹೊತ್ತಿಗೆ ನದಿ ಹೊಸಿಲು ದಾಟಿತ್ತು. ದೋಣಿಯವರು ಮೊದಲು ಚಿಕ್ಕ ಮಕ್ಕಳನ್ನು ಎತ್ತಿಕೊಂಡರು. ತಂಗಿ ಕೈ ಬಿಡಬೇಡ ಎಂದು ಅಮ್ಮ ಹೇಳಿದ್ದಳು. ಅವನು ಬಿಡಲಿಲ್ಲ, ಯಾರೋ ಅವನ ಬೆರಳು ಬಿಡಿಸಿ, ಈ ದೋಣಿಯಲ್ಲಿ ಜಾಗವಿಲ್ಲ, ನೀನು ಮುಂದಿನದಕ್ಕೆ ಬಾ ಎಂದರು. ಮುಂದಿನ ದೋಣಿ ಬೇರೆ ದಡಕ್ಕೆ ಹೋಯಿತು. ಅಪ್ಪ ಅಮ್ಮನಿಗೆ ಯಾವ ದೋಣಿಯೂ ಬರಲಿಲ್ಲ. ಶಿಬಿರಗಳಲ್ಲಿ ತಂಗಿಯ ಹೆಸರೇನೆಂದು ಕೇಳಿದವರಿಗೆಲ್ಲ ಅವನು ಇರುವೆ, ಇರುವೆ ಎಂದ. ಆ ಹೆಸರಿನ ಮಗು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅನಾಥಾಲಯ, ಗೋದಾಮಿನ ಕಾವಲು, ಕಾರ್ಖಾನೆಯ ಗೇಟು. ಮೂವತ್ತೆರಡನೇ ವಯಸ್ಸಿಗೆ ಮ್ಯೂಸಿಯಂಗೆ ಬಂದು ನಾಲ್ಕನೇ ಕೋಣೆಯ ಕಪಾಟು ನೋಡಿದ. ತಮ್ಮ ಮನೆಯದಲ್ಲವೆಂದು ಅವನಿಗೂ ಗೊತ್ತಿತ್ತು. ಆದರೂ ಒಂದು ಗಂಟೆ ಕೊಂಡು ತಂದು ಕಟ್ಟಿದ.

"ನಾಲ್ಕು ವರ್ಷದ ಮಗುವಿಗೆ ಮುಖ ನೆನಪಿರಲ್ಲ ಅಜ್ಜಿ, ಹೆಸರು ನೆನಪಿರಲ್ಲ, ಆದ್ರೆ ಕದ್ದು ತಿಂದ ಸಕ್ಕರೆ ಯಾರೂ ಮರೆಯಲ್ಲ, ಅಂತಿದ್ದ. ಎಲ್ಲ ಊರಿನ ಜನಾನೂ ಒಂದಲ್ಲ ಒಂದು ದಿನ ಇಲ್ಲಿಗೆ ಬರ್ತಾರೆ, ಅವಳೂ ಬರ್ತಾಳೆ, ಅಂತಿದ್ದ. ಹತ್ತಿ ಉದುರಿದಾಗೆಲ್ಲ ನಾಲಿಗೆಗೆ ತಾಗಿಸಿ ಹೊಸದು ತುರುಕೋನು."

"ಸ್ಕ್ರೂ ಹಾಕಿದ ಮೇಲೆ?" ಎಂದಳು ಚೀಟಿ ಮೇಡಂ. "ಎದೆ ಒಡೀತಾ ಅವನಿಗೆ?"

"ಎದೆ ಒಡೆಯೋದಾ? ಕುಣಿದ! ನನ್ನ ಹತ್ರ ಓಡಿಬಂದು, ಅಲ್ವೇ ಅಜ್ಜಿ, ನಿರ್ದೇಶಕರು ತೋರಿಸಿದ ವರದೀಲಿ ತಾರೀಖಿದೆ, ಅದು ನಾನು ರಜೆ ಇದ್ದ ವಾರ. ಆ ವಾರ ಮೇಡಂ ಸ್ಟೂಲನ್ನ ಮೇಜಿನ ಹತ್ರ ಇಟ್ಟಿದ್ರು. ಹಾಗಿದ್ರೆ ಮೇಜಿನ ಹತ್ರ ಇರೋದು ತಪ್ಪು ಅಂದೋರು ಯಾರು? ಇಷ್ಟು ವರ್ಷ ಸರಿಯಾಗಿ ಇಟ್ಟು ಕಾದೆ, ತಪ್ಪಾಗಿ ಇಟ್ಟ ವಾರ ಬಂದು ಹೋಗವಳೆ, ಅಂದ. ಮೂರು ವಾರದಿಂದ ನೋಡಿದ್ಯಲ್ಲ? ಕ್ಷೌರ ಏನು, ಬೂಟಿಗೆ ಪಾಲಿಶ್ ಏನು, ಮದುವೆ ಗಂಡಿನ ಹಾಗೆ ಬರ್ತಿದ್ದ."

ಚೀಟಿ ಮೇಡಂ ಎದ್ದು ನಿಂತಳು. ಗಡಿಯಾರದಲ್ಲಿ ಹನ್ನೆರಡೂಕಾಲು.

"ಮಾಮ, ನೀವು ಇವನ ಜೊತೆ ಹೋಗಿ. ಆ ಜಾಗ ಖಾಲಿ ಇರಲಿ. ಮುದ್ರೆ ಹೊಡೆಯೋಕೆ ಬಿಡಬೇಡಿ."

"ಎಷ್ಟು ಹೊತ್ತು ಬಿಡದೇ ಇರಲಿ ಮೇಡಂ?"

"ಮಾತಾಡ್ತಾ ಇರಿ. ಅದೊಂದು ನಿಮಗೆ ಬರುತ್ತಲ್ಲ!"

*

ಅಭಿಪ್ರಾಯ ಪುಸ್ತಕ ಬೀಗ ಹಾಕಿದ ಡ್ರಾಯರಿನಲ್ಲೇ ಇತ್ತು. ಬರಹ ಮುದ್ದಾಗಿತ್ತು, ಕೊನೆಕೊನೆಗೆ ಸಾಲು ಇಳಿಜಾರಾಗಿತ್ತು.

'ನಾಲ್ಕನೇ ಕೋಣೆಯಲ್ಲಿ ಸ್ಟೂಲು ತಪ್ಪು ಜಾಗದಲ್ಲಿದೆ. ಡಬ್ಬದ ಕಪಾಟಿನ ಕೆಳಗಿರಬೇಕಿತ್ತು. ಗಂಟೆಯೊಳಗೆ ಹತ್ತಿಯೂ ಇಲ್ಲ. ಹೀಗೆಲ್ಲ ಯಾಕೆ ಬರೆಯುತ್ತಿದ್ದೇನೋ ನನಗೇ ತಿಳಿಯದು. ಅಲ್ಲಿ ನಿಂತಾಗ ಯಾಕೋ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಕ್ಷಮಿಸಿ.'

ಕೆಳಗೊಂದು ಫೋನ್ ನಂಬರು.

ಚೀಟಿ ಮೇಡಂ ತಲೆ ಹಿಡಿದುಕೊಂಡು ಕೂತಳು. ಎರಡು ಸಲ ಬಾಗಿಲಿಗೆ ಬಂದಿದ್ದ. ಟೋಪಿ ಕೈಯಲ್ಲಿ ಹಿಡಿದಿದ್ದ. ತಾರೀಖು ಯಾವ ವಾರದ್ದೆಂದು ಒಮ್ಮೆ ಯೋಚಿಸಿದ್ದರೆ, ಇನ್ನೆರಡು ಸಾಲು ಮುಂದಕ್ಕೆ ಓದಿದ್ದರೆ, ಹೋಗಲಿ, ಪುಸ್ತಕವನ್ನು ಅವನ ಕೈಗಾದರೂ ಕೊಟ್ಟಿದ್ದರೆ! ನಾಚಿಕೆಯಿಂದ ಅವಳ ಕಿವಿ ಸುಟ್ಟಿತು. ಆಮೇಲೆ, ಅತ್ತು ಕರೆದು ಮಾಡುವ ಹೊತ್ತಲ್ಲ ಇದು ಎಂದು ನಂಬರು ಒತ್ತಿದಳು.

ಆ ಕಡೆ ಉಗಿಯ ಬುಸ್ ಎಂಬ ಸದ್ದಿನ ನಡುವೆ ಹೆಂಗಸಿನ ದನಿ. "ಇಸ್ತ್ರಿ ಅಂಗಡಿ. ಯಾರು?"

"ಮ್ಯೂಸಿಯಂನಿಂದ ಮಾತಾಡ್ತಿದ್ದೀನಿ. ನೀವು ಪುಸ್ತಕದಲ್ಲಿ ಬರೆದಿದ್ರಲ್ಲ..."

"ಅಯ್ಯೋ, ತಪ್ಪಾಯ್ತಾ? ಏನೋ ಹುಚ್ಚುಹುಚ್ಚಾಗಿ ಬರೆದುಬಿಟ್ಟೆ."

"ತಪ್ಪಲ್ಲ. ಸ್ಟೂಲು ಅಲ್ಲೇ ಇರಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು? ಅದೊಂದು ಹೇಳಿ."

ಉಗಿಯ ಸದ್ದು ನಿಂತಿತು. "ನನ್ನನ್ನ ಸಾಕಿದವರು, ನೀನು ದೋಣೀಲಿ ಬಂದ ಮಗು ಅಂತ ಹೇಳ್ತಿದ್ರು. ಅದಕ್ಕಿಂತ ಹಿಂದಿನದು ಅಂತ ನನಗಿರೋದು ಮೂರೇ ಮೂರು. ಡಬ್ಬದ ಮೇಲೆ ಹತ್ತಿ ತುರುಕಿದ ಗಂಟೆ. ಸ್ಟೂಲಿನ ಮೇಲೆ ನಿಂತು ಬಾಯಿ ತುಂಬ ಸಕ್ಕರೆ. ಆಮೇಲೆ ಯಾರದೋ ಬೆನ್ನು."

"ಬೆನ್ನಾ?"

"ಹುಡುಗನ ಬೆನ್ನು. ಬಾಗಿಲಲ್ಲಿ ಆ ಕಡೆ ಮುಖ ಮಾಡಿ ನಿಂತಿರ್ತಾನೆ. ಎಷ್ಟು ನೆನೆಸ್ಕೊಂಡ್ರೂ ಈ ಕಡೆ ತಿರುಗೋದೇ ಇಲ್ಲ ನೋಡಿ ಅವನು."

 ಹೇಗೆ ಹೇಳುವುದು ಇದನ್ನು? ಎಷ್ಟು ಪದಗಳಲ್ಲಿ? ಆವತ್ತು ಚೀಟಿ ಮೇಡಂ ಲೆಕ್ಕವಿಡದೆ ಮಾತಾಡಿದಳು; ಹತ್ತಿ ಒದ್ದೆ ಮಾಡುವ ವಿಷಯವೊಂದು ಮಾತ್ರ ಬಿಟ್ಟುಹೋಯಿತು. 

"ನಾನೇ ಅಂತ ಹೇಗೆ ಹೇಳೋದು ತಾಯಿ?" ಎಂದಿತು ಕೊನೆಗೆ ಆ ದನಿ, ಬಹಳ ಸಣ್ಣಗೆ. "ಗಂಟೆ ಕಟ್ಟಿದ ಮನೆ ಇನ್ನೊಂದು ಇದ್ದಿರಬಹುದು. ಇಲ್ಲದ ನೆಂಟಸ್ತಿಕೆ ಹೇಳ್ಕೊಂಡು ಹೇಗೆ ಬರಲಿ?"

"ಏನೂ ಹೇಳಬೇಡಿ. ಸುಮ್ಮನೆ ಬನ್ನಿ. ನಾಲ್ಕು ಗಂಟೆಯೊಳಗೆ ಬನ್ನಿ."

ಅಂಗಡಿಯಿಂದ ಚಿತಾಗಾರಕ್ಕೆ ಎರಡು ಬಸ್ಸು ಬದಲಿಸಬೇಕಿತ್ತು. ಚೀಟಿ ಮೇಡಂ ನಾಲ್ಕನೇ ಕೋಣೆಗೆ ಹೋದಳು. ನೆಲಕ್ಕೆ ಬಿಗಿದ ಸ್ಟೂಲಿನ ಮೇಲೇ ಹತ್ತಿದಳು. ಕೈ ಎಟುಕಲಿಲ್ಲ. ಎಟುಕದ ಜಾಗಕ್ಕೆ ಅದನ್ನು ಬಿಗಿಸಿದವಳು ತಾನೇ ಎಂದು ನೆನಪಾಗಿ, ಇಳಿದು, ಅವನ ಕುರ್ಚಿಯನ್ನೇ ಎಳೆದುಕೊಂಡು ಬಂದು ಅದರ ಮೇಲೇರಿ ಗಂಟೆ ಬಿಚ್ಚಿದಳು. ಒಳಗಿನ ಹತ್ತಿಯನ್ನು ಕಿತ್ತು ತೆಗೆದು ಗಂಟೆಯನ್ನು ಚೀಲಕ್ಕೆ ಹಾಕಿಕೊಂಡಳು.

*

ಮೂರೂ ಐವತ್ತಕ್ಕೆ ಚಿತಾಗಾರದ ಗುಮಾಸ್ತ ಮುದ್ರೆಯನ್ನು ಮಸಿಯ ಪಟ್ಟಿಗೆ ಒತ್ತುತ್ತಿದ್ದ. ಟಿಕೆಟ್ ಮಾಮ ಅವನಿಗೆ ತನ್ನ ಮಂಡಿನೋವಿನ ಕತೆ ಹೇಳುತ್ತಿದ್ದ. ಎರಡನೇ ಸಲ ಹೇಳುತ್ತಿದ್ದ.

"ಯಜಮಾನ್ರೇ, ನಿಮ್ಮ ಮಂಡಿ ಕತೆ ಹೇಳಿ ನಂದೂ ನೋಯೋ ಹಾಗೆ ಮಾಡಿದ್ರಿ. ಸರದಿ ಬಂತು."

ಆಗ ಬಾಗಿಲಲ್ಲಿ ಅವಳು ಕಾಣಿಸಿಕೊಂಡಳು. ಐವತ್ತು ದಾಟಿದ ಹೆಂಗಸು, ಗುಜ್ಜಾರಿ, ಮುಂಗೈ ಮೇಲೆ ಇಸ್ತ್ರಿಯ ಹಳೆಯ ಸುಟ್ಟ ಗಾಯಗಳು. ಓಡಿಬಂದು ಏದುಸಿರು ಬಿಡುತ್ತಿದ್ದಳು.  ಅಜ್ಜಿ ದಾರಿ ಬಿಟ್ಟಳು.

ಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದಿತ್ತು. ಅವಳು ಬಗ್ಗಿ ನೋಡಿದಳು. ಹೊಸ ಕ್ಷೌರದ ತಲೆ, ಮುಚ್ಚಿದ ಕಣ್ಣು, ಸ್ವಲ್ಪ ಸೊಟ್ಟಗಿನ ಮೂಗು. ಗುರುತಿನ ಸುಳಿವೊಂದೂ ಅವಳ ಮುಖದಲ್ಲಿ ಕಾಣಲಿಲ್ಲ.

"ಗೊತ್ತಾಗ್ತಿಲ್ಲ," ಎಂದಳು ಅಳುದನಿಯಲ್ಲಿ. "ನಾನು ನೋಡಿರೋದು ಬೆನ್ನು. ಈಗ ಹೇಗೆ ಗೊತ್ತಾಗಬೇಕು?"

ಆದರೂ ಹೋಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತೋ ಏನೋ, ಕೋಟಿನ ಮೂರನೆಯ ಗುಂಡಿ ಹಾಕಿಲ್ಲದ್ದು ಕಂಡು, ಬಟ್ಟೆಯನ್ನು ಎರಡು ಬೆರಳಲ್ಲಿ ಸ್ವಲ್ಪ ಎಳೆದು ಗುಂಡಿಯನ್ನು ಅಡ್ಡ ಮಾಡಿ ತೂರಿಸಿದಳು. ಬೆಳಿಗ್ಗೆಯಿಂದ ಒಲ್ಲೆ ಎಂದಿದ್ದ ಗುಂಡಿ ಒಪ್ಪಿಕೊಂಡಿತು.

ಚೀಟಿ ಮೇಡಂ ಗಂಟೆಯನ್ನು ಅವಳ ಒಂದು ಅಂಗೈಯಲ್ಲೂ ಹತ್ತಿಯ ಒಂದು ಉಂಡೆಯನ್ನು ಇನ್ನೊಂದು ಅಂಗೈಯಲ್ಲೂ ಇಟ್ಟಳು.  ಅಜ್ಜಿ ಏನೋ ಹೇಳಹೊರಟಳು. ಟಿಕೆಟ್ ಮಾಮ ಅವಳ ತೋಳು ಹಿಡಿದ.

ಗಂಟೆ ಸಣ್ಣಗೆ ಠಣ್ ಎಂದಿತು. ಆ ಹೆಂಗಸು ಬೆಚ್ಚಿ ಬಾಗಿಲ ಕಡೆ ನೋಡಿದಳು, ಯಾರಾದರೂ ಬಂದುಬಿಡುತ್ತಾರೇನೋ ಎಂಬಂತೆ. ಬೆರಳುಗಳು ತಮ್ಮಷ್ಟಕ್ಕೆ ತಾವೇ ಹತ್ತಿಯನ್ನು ಹೊಸೆದವು. ಗಂಟೆಯ ಬಾಯಿಗೆ ಹಿಡಿದು, ತಡೆದು, ಅವಳು ಹತ್ತಿಯನ್ನು ನಾಲಿಗೆಯ ತುದಿಗೆ ತಾಗಿಸಿಕೊಂಡಳು.

"ಒಣಗಿದ್ದು ನಿಲ್ಲಲ್ಲ," ಎಂದಳು ತನಗೆ ತಾನೇ.

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು.

ಹತ್ತಿ ಒಳಗೆ ಕೂತಿತು. ಅವಳು ಗಂಟೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಬಗ್ಗಿ ಅವನ ಕಿವಿಯ ಹತ್ತಿರವೂ ಅಲ್ಲಾಡಿಸಿದಳು. ಸದ್ದಿಲ್ಲ. ಆಮೇಲೆ ಅದನ್ನು ಅವನ ಕೋಟಿನ ಜೇಬಿಗೆ ಹಾಕಿ, ಮೇಲಿನಿಂದ ಮೆಲ್ಲಗೆ ತಟ್ಟಿದಳು.

ಗುಮಾಸ್ತ ಮುದ್ರೆಯನ್ನು ಪಕ್ಕಕ್ಕಿಟ್ಟು ಕಾಗದವನ್ನು ಅವಳ ಕಡೆ ತಿರುಗಿಸಿದ. ಪೆನ್ನು ತೆಗೆದುಕೊಂಡು ಖಾಲಿ ಜಾಗದ ಮೇಲೆ ಬಗ್ಗಿದವಳ ಕೆಳತುಟಿಯಲ್ಲಿ ಹತ್ತಿಯ ಬಿಳಿ ಎಳೆಯೊಂದು ಇನ್ನೂ ಅಂಟಿಕೊಂಡಿತ್ತು.